ದಾರದ ತುದಿಯ ಕಹಿ

ಬೆಳಗಿನ ಐದೂವರೆ. ಕಸಾಯಿಖಾನೆಯ ಹಿಂಬಾಗಿಲಲ್ಲಿ ಬೆಳಕಿಗಿಂತ ಮೊದಲು ಹಬೆ ಏಳುತ್ತದೆ. ಬಿಸಿನೀರು ಹೊಯ್ದು ತೊಳೆದ ನೆಲದಿಂದ ಎದ್ದ ಹಬೆ ಮೊಣಕಾಲಿನ ಮಟ್ಟಕ್ಕೆ ತೇಲುತ್ತಾ ನಿಂತಿದೆ. ಅದರ ನಡುವೆ, ಅಗಲ ಬಾಯಿಯ ಫ್ಲಾಸ್ಕೊಂದನ್ನು ಕೂಸಿನಂತೆ ಎದೆಗವಚಿಕೊಂಡು ಒಬ್ಬ ಹೆಂಗಸು ಕಾಯುತ್ತಿದ್ದಾರೆ. ಪಾದ ಕಾಣುವುದಿಲ್ಲ. ನೆಲವೇ ಇಲ್ಲದೆ ನಿಂತವರಂತೆ ತೋರುತ್ತಾರೆ.

"ಬಂದ್ಯಾ ಗಂಟಕ್ಕಾ?" ಒಳಗಿನಿಂದ ಕಸಾಯಿಯವನ ದನಿ. "ಊರೆಲ್ಲಾ ತೊಡೆ ಕೇಳುತ್ತೆ, ಪಕ್ಕೆಲುಬು ಕೇಳುತ್ತೆ. ಹೊಟ್ಟೆ ಕೇಳೋಳು ನೀನೊಬ್ಬಳೇ ನೋಡು."

"ಊರಿಗೆ ಹೊಟ್ಟೆ ತುಂಬಿಸ್ಕೊಳ್ಳೋ ಚಿಂತೆ ಕಣಪ್ಪಾ. ನನಗೆ ಖಾಲಿ ಹೊಟ್ಟೇನೇ ಬೇಕು. ತಡ ಮಾಡ್ಬೇಡ, ಕೊಡು."

ಕುರಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಗಂಟಕ್ಕನಿಗೆ ಬೇಕಾದದ್ದು ಕೊನೆಯದು, ನಮ್ಮ ನಿಮ್ಮ ಜಠರವನ್ನು ಹೋಲುವಂಥದ್ದು. ಕಸಾಯಿಯವನು ಅದನ್ನು ಅಂಗೈಯಲ್ಲಿಟ್ಟು ಚಾಚುತ್ತಾನೆ. ಅವರು ಫ್ಲಾಸ್ಕಿನ ತಣ್ಣನೆಯ ಉಪ್ಪುನೀರಿಗೆ ಅದನ್ನು ಇಳಿಬಿಟ್ಟು, ಮುಚ್ಚಳ ತಿರುಗಿಸಿ, ಗಡಿಯಾರ ನೋಡುತ್ತಾರೆ. ಇನ್ನು ಒಂದು ಗಂಟೆಯೊಳಗೆ ಇದು ಪ್ರಯೋಗಾಲಯದ ಮೇಜಿನ ಮೇಲಿರಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಊರುತ್ತಾರೆ. "ಒಳಗೆ ಅದು ಮಿಸುಕುತ್ತೆ ಅಂತ ನನಗನ್ನಿಸುತ್ತೆ. ತಣ್ಣನೆ ನೀರಲ್ಲಿ ಮಿಸುಕಲ್ಲ, ಗೊತ್ತು. ಆದ್ರೂ ಅನ್ನಿಸುತ್ತೆ. ಏನ್ ಮಾಡೋದು?" ಎಂದು ನಗುತ್ತಾರೆ.

ಔಷಧಗಳು ಮೈಯೊಳಗೆ ಏನು ಮಾಡುತ್ತವೆ ಎಂಬುದನ್ನು ಹುಡುಕುವ ವಿಭಾಗವೊಂದರಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಸಹಾಯಕಿ. ಹುದ್ದೆಯ ಪಟ್ಟಿಯಲ್ಲಿ ಗಾಜು ತೊಳೆಯುವುದು, ನೀರು ಬಟ್ಟಿಯಿಳಿಸುವುದು, ಮೇಜು ಒರೆಸುವುದು ಎಂದಿದೆ. ಅವರಿಗೆ ಹೆಸರು ತಂದುಕೊಟ್ಟ ಕೆಲಸ ಮಾತ್ರ ಅದರಲ್ಲಿಲ್ಲ. ಅದು ಗಂಟು ಹಾಕುವುದು.

ಏಳು ಗಂಟೆಗೆ ಆ ಕೆಲಸ ಶುರು. ಹಿಂದಿನ ದಿನವೇ ಹತ್ತು ಲೀಟರ್ ಉಪ್ಪುನೀರು ತಯಾರಾಗಿರುತ್ತದೆ. ಆರು ಬಗೆಯ ಉಪ್ಪು, ಜೊತೆಗೆ ಒಂದಿಷ್ಟು ಗ್ಲುಕೋಸು. ಸುಣ್ಣದಂಶದ ಉಪ್ಪನ್ನು ಕಟ್ಟಕಡೆಗೆ, ಹನಿಹನಿಯಾಗಿ ಹಾಕಬೇಕು. ಅವಸರ ಮಾಡಿದರೆ ನೀರೆಲ್ಲ ಹಾಲಿನಂತೆ ಬೆಳ್ಳಗೆ ಒಡೆಯುತ್ತದೆ. ಜಠರವನ್ನು ಬಿಡಿಸಿ, ಒಳಪೊರೆಯನ್ನು ಸುಲಿದು, ಸ್ನಾಯುವಿನಿಂದ ಬೆಂಕಿಕಡ್ಡಿಯಷ್ಟು ಅಗಲದ, ಅದರ ಅರ್ಧದಷ್ಟು ಉದ್ದದ ನಾಲ್ಕು ಪಟ್ಟಿಗಳನ್ನು ಕತ್ತರಿಸುತ್ತಾರೆ. ಒಂದೊಂದಕ್ಕೂ ಎರಡು ತುದಿ, ಎರಡು ಗಂಟು. ಕೆಳಗಿನ ದಾರ ಗಾಜಿನ ಕೊಕ್ಕೆಗೆ, ಮೇಲಿನ ದಾರ ಮೀಟುಗೋಲಿಗೆ. ಮೀಟುಗೋಲಿನ ಇನ್ನೊಂದು ತುದಿಯಲ್ಲಿ ಪೆನ್ನು. ಪಟ್ಟಿ ಬಿಗಿದರೆ ಪೆನ್ನು ಮೇಲೇಳುತ್ತದೆ, ಸಡಿಲಿದರೆ ಇಳಿಯುತ್ತದೆ. ಕಾಗದದ ಸುರುಳಿ ತನ್ನ ಪಾಡಿಗೆ ಸರಿಯುತ್ತಿರುತ್ತದೆ.

ಗಂಟು ಸಡಿಲವಾದರೆ ಪಟ್ಟಿ ಜಾರುತ್ತದೆ. ಬಿಗಿಯಾದರೆ ಕಟ್ಟಿದ ಜಾಗ ಸತ್ತುಹೋಗುತ್ತದೆ. "ಮಗುವಿನ ಜಡೆಗೆ ಟೇಪ್ ಕಟ್ತೀವಲ್ಲ, ಹಾಗೆ" ಎನ್ನುತ್ತಾರೆ ಗಂಟಕ್ಕ. "ಬಿಚ್ಚಬಾರದು, ನೋಯಲೂಬಾರದು." ವಿಭಾಗದಲ್ಲಿ ಡಾಕ್ಟರೇಟ್ ಪಡೆದ ಹದಿನೇಳು ಮಂದಿಯ ಪ್ರಬಂಧಗಳು ಅವರ ಗಂಟುಗಳಿಂದ ತೂಗಾಡಿವೆ.

ಈ ಕೈಚಳಕ ಬಂದದ್ದು ಪ್ರಯೋಗಾಲಯದಿಂದಲ್ಲ, ಅಮ್ಮನಿಂದ. ಅಮ್ಮ ಅಂಗಿಗಳಿಗೆ ಗುಂಡಿ ಹೊಲಿದು ಮನೆ ನಡೆಸಿದವರು. ಕಿಟಕಿಯ ಪಕ್ಕ ಮೋಟು ಸ್ಟೂಲಿನ ಮೇಲೆ ಕೂತು, ದಾರದ ತುದಿಯನ್ನು ತುಟಿಯ ನಡುವೆ ಎಳೆದು ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ತೂರಿಸುತ್ತಿದ್ದರು. ಒದ್ದೆ ದಾರ ಮಾತು ಕೇಳುತ್ತದೆ, ಒಣ ದಾರ ಎದುರು ಮಾತಾಡುತ್ತದೆ ಎನ್ನುತ್ತಿದ್ದರು. ಮಗಳೂ ಅದನ್ನೇ ಕಲಿತಳು. ಪ್ರಯೋಗಾಲಯದಲ್ಲಿ ಪ್ರತಿ ಗಂಟಿಗೂ ಮುಂಚೆ ದಾರದ ತುದಿ ಒಮ್ಮೆ ಅವರ ತುಟಿಗೆ ಹೋಗಿ ಬರುತ್ತಿತ್ತು. ಇಪ್ಪತ್ತಾರು ವರ್ಷ. ಯಾರೂ ಬೇಡವೆನ್ನಲಿಲ್ಲ, ಯಾರೂ ನೋಡಲೂ ಇಲ್ಲ.

ಪಟ್ಟಿಯನ್ನು ಬೆಚ್ಚಗಿನ ಉಪ್ಪುನೀರಿನ ಗಾಜಿನ ಕೊಳವೆಗೆ ಇಳಿಸಿದ ಮೇಲೆ ಒಂದು ತಾಸು ಏನೂ ಮಾಡುವ ಹಾಗಿಲ್ಲ. ನೀರು ಮೈಬಿಸಿಯಷ್ಟೇ ಬೆಚ್ಚಗಿರುತ್ತದೆ. ಕೆಳಗಿನಿಂದ ಆಮ್ಲಜನಕದ ಗುಳ್ಳೆಗಳು ಮುತ್ತಿನ ಸರದಂತೆ ಏಳುತ್ತಿರುತ್ತವೆ. ಕತ್ತರಿಸಿದ ಗಾಬರಿಯಿಂದ ಮುದುಡಿಕೊಂಡಿದ್ದ ಸ್ನಾಯು ನಿಧಾನಕ್ಕೆ ಉಸಿರು ಬಿಟ್ಟಂತೆ ಉದ್ದವಾಗುತ್ತದೆ. ಆಮೇಲೆ, ಯಾರೂ ಹೇಳದೆ, ತನ್ನಷ್ಟಕ್ಕೆ ಸಣ್ಣಗೆ ಬಿಗಿದು ಸಡಿಲಿಸತೊಡಗುತ್ತದೆ. ನಿಮಿಷಕ್ಕೆ ಮೂರು ಸಲವೋ ನಾಲ್ಕು ಸಲವೋ. ಪೆನ್ನು ಕಾಗದದ ಮೇಲೆ ಸಣ್ಣ ಸಣ್ಣ ದಿಬ್ಬ ಬರೆಯುತ್ತದೆ.

"ತನ್ನನ್ನ ಹೊಟ್ಟೆಯಿಂದ ಬೇರೆ ಮಾಡಿ ತಂದಿದಾರೆ ಅಂತ ಅದಕ್ಕೆ ಗೊತ್ತೇ ಇಲ್ಲ" ಎನ್ನುತ್ತಾರೆ ಗಂಟಕ್ಕ. "ಇನ್ನೂ ಯಾವುದೋ ಊಟ ಅರೀತಿದೀನಿ ಅನ್ಕೊಂಡಿದೆ. ಕನಸಲ್ಲಿ ಕೆಲಸ ಮಾಡೋರ ಹಾಗೆ."

ಈಗ ಅವರ ಕೊಳವೆಗಳ ಮುಂದೆ ಕೂರುವವಳು ಇಪ್ಪತ್ತೇಳರ ಸಂಶೋಧಕಿ. ಗಂಟಕ್ಕ ಅವಳನ್ನು 'ಪುಟ್ಟಮ್ಮ' ಎನ್ನುತ್ತಾರೆ, ಅವಳು ಇವರನ್ನು 'ಅಕ್ಕ'. ಅಲರ್ಜಿಗೆ ಕೊಡುವ ಆ್ಯಂಟಿಹಿಸ್ಟಮಿನ್ ಗುಳಿಗೆಗಳು ಜಠರದ ಸ್ನಾಯುವಿನ ಬಿಗಿತವನ್ನು ಎಷ್ಟು ತಗ್ಗಿಸುತ್ತವೆ ಎಂಬುದು ಅವಳ ವಿಷಯ. ಮೈಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕವಿದೆ. ತುರಿಕೆ, ದದ್ದು, ಸೀನು ಎಲ್ಲದರ ಹಿಂದೆ ಅದರ ಕೈವಾಡ. ಜಠರದ ಪಟ್ಟಿಗೆ ಅದರ ಒಂದು ಹನಿ ಹಾಕಿದರೆ ಪಟ್ಟಿ ಬಿಗಿಯುತ್ತದೆ, ಪೆನ್ನು ಬೆಟ್ಟ ಹತ್ತುತ್ತದೆ. ಮೊದಲೇ ಅಲರ್ಜಿಯ ಔಷಧ ಹಾಕಿಟ್ಟಿದ್ದರೆ ಬೆಟ್ಟವಿಲ್ಲ, ಬರೀ ಬಯಲು. ಅದು ಹೇಗೆಂದು ಕೇಳಿದರೆ ಗಂಟಕ್ಕ, ತಾನು ಬಸ್ ಚಾಲಕನ ಹೆಂಡತಿ ಎಂಬುದಕ್ಕೆ ತಕ್ಕ ಉತ್ತರ ಕೊಡುತ್ತಾರೆ.

"ಬಸ್ಸಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡೀತಾರಲ್ಲ, ಹಾಗೇನೇ. ಗುಳಿಗೆ ಮೊದಲೇ ಹೋಗಿ ಸೀಟಲ್ಲಿ ಕೂತಿರುತ್ತೆ. ಹಿಸ್ಟಮಿನ್ ಬರುತ್ತೆ, ನೋಡುತ್ತೆ, ಜಾಗ ಇಲ್ಲ, ಕಂಬಿ ಹಿಡ್ಕೊಂಡು ನಿಲ್ಲುತ್ತೆ. ಈ ಹಳೇ ಗುಳಿಗೆಗಳಿಗೆ ಇನ್ನೊಂದು ಕೆಟ್ಟ ಬುದ್ಧಿ. ಪಕ್ಕದ ಸೀಟಿಗೂ ಬ್ಯಾಗ್ ಇಡ್ತವೆ. ಹೊಟ್ಟೆಗೆ 'ನಡಿ, ಅರಿ' ಅಂತ ಹೇಳೋ ಬೇರೆ ಸಂದೇಶ ಇರುತ್ತಲ್ಲ, ಅದಕ್ಕೂ ಜಾಗ ಸಿಗಲ್ಲ. ಅದಕ್ಕೇ ಬಾಯಿ ಒಣಗೋದು, ಹೊಟ್ಟೆ ಸೋಮಾರಿ ಆಗೋದು."

ಇದು ಪುಸ್ತಕದಿಂದ ಕಲಿತದ್ದಲ್ಲ. ಹಳೆಯ ಬಗೆಯ ಅಂಥದೇ ಗುಳಿಗೆಯನ್ನು ಅವರು ಎಂಟು ವರ್ಷದಿಂದ ನುಂಗುತ್ತಿದ್ದರು. ಸೋಪು, ಉಪ್ಪು, ನೀರಿನಲ್ಲಿ ಮುಳುಗಿದ ಕೈಗಳಿಗೆ ಒಂದು ಚಳಿಗಾಲ ದದ್ದು ಎದ್ದು, ಅದು ಮೊಣಕೈ ದಾಟಿ ಕತ್ತಿಗೆ ಬಂದಿತ್ತು. ದಿನಕ್ಕೆ ಅರ್ಧ ಗುಳಿಗೆ. ತುರಿಕೆ ಹೋಯಿತು, ಮಂಪರು ಬಂತು. ಮಧ್ಯಾಹ್ನ ಉಂಡ ತುತ್ತು ಸಂಜೆಯವರೆಗೂ ಹೊಟ್ಟೆಯಲ್ಲಿ ಅತಿಥಿಯ ಹಾಗೆ ಕೂತಿರುತ್ತಿತ್ತು. ಮೊದಲೆಲ್ಲ ಮನೆಯಲ್ಲೇ ನುಂಗಿ, ಬಾಯಿ ತೊಳೆದು ಬಸ್ ಹತ್ತುತ್ತಿದ್ದರು. ಹೋದ ವರ್ಷ ಎರಡು ಸಲ ಫ್ಲಾಸ್ಕ್ ತಬ್ಬಿಕೊಂಡೇ ನಿದ್ದೆ ಹೋಗಿ, ಇಳಿಯುವ ಸ್ಟಾಪ್ ದಾಟಿ, ಕೊನೆಯ ನಿಲ್ದಾಣದಲ್ಲಿ ಕಣ್ಣುಬಿಟ್ಟರು. ಆವತ್ತಿನ ಜಠರ ಹಾಳು.

"ಹೊಟ್ಟೆ ಹೊತ್ಕೊಂಡು ಡಿಪೋ ನೋಡೋಕೆ ಬಂದಿದ್ಯಾ?" ಎಂದು ಗಂಡ ರೇಗಿಸಿದರು. ಅವರಿಗೆ ವಿಷಯ ತಿಳಿದದ್ದು ಆ ಬಸ್ಸಿನ ಚಾಲಕನಾಗಿದ್ದ ತಮ್ಮ ಗೆಳೆಯನಿಂದ. "ಇಡೀ ಡಿಪೋ ನಗ್ತಿದೆ ಮಾರಾಯ್ತಿ. ಆ ಗುಳಿಗೆನ ಅಲ್ಲಿಗೆ ಹೋದ ಮೇಲೆ ತಗೋ."

ಮಾತು ಸರಿಯಾಗೇ ಇತ್ತು. ಅಂದಿನಿಂದ ಗಂಟಕ್ಕ ಪ್ರಯೋಗಾಲಯ ತಲುಪಿ, ಕೋಟು ಹಾಕಿಕೊಂಡು, ಗುಳಿಗೆಯನ್ನು ಹಲ್ಲಲ್ಲಿ ಕಡಿದು ಅರ್ಧ ನುಂಗಿ, ದಾರ ಕೈಗೆತ್ತಿಕೊಳ್ಳತೊಡಗಿದರು. ಪಟ್ಟಿ ಸುಧಾರಿಸಿಕೊಳ್ಳುವ ಆ ಒಂದು ತಾಸಿಗೆ ಸರಿಯಾಗಿ ಅವರಿಗೂ ಮಂಪರು ಇಳಿಯುತ್ತಿತ್ತು. ಗುಳ್ಳೆಗಳ ಸದ್ದು, ಬೆಚ್ಚಗಿನ ಗಾಜು, ಕಿಟಕಿಯಲ್ಲಿ ಎಳೆಬಿಸಿಲು. "ಅದೂ ಮಂಪರು, ನಾನೂ ಮಂಪರು. ಕಣ್ಣು ತೆರೆದೇ ಇರುತ್ತೆ, ಆದ್ರೆ ಅಮ್ಮ ಬರ್ತಿದ್ರು. ಕಿಟಕಿ ಹತ್ರ ಕೂತು ಗುಂಡಿ ಹೊಲೀತಿರೋರು. ಮಾತಿಲ್ಲ ಕತೆಯಿಲ್ಲ. ಸುಮ್ನೆ ದಾರ ಎಳೆಯೋ ಕೈ ಕಾಣ್ತಿತ್ತು. ತುರಿಕೆ ಹೋಗಿ ಎಷ್ಟೋ ಕಾಲ ಆಗಿತ್ತು. ನಿಜ ಹೇಳ್ಲಾ? ಗುಳಿಗೆ ಬಿಡದೆ ಇದ್ದದ್ದು ಅದಕ್ಕೇ."

ಅದೇ ದಿನಗಳಲ್ಲಿ ಸಂಶೋಧಕಿ ಪ್ರಯೋಗ ಶುರುಮಾಡಿದಳು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಪಟ್ಟಿ. ಶುರುವಿನಲ್ಲೇ ಒಂದು ವಿಚಿತ್ರ ಕಂಡಿತು. ಅಲರ್ಜಿಯ ಔಷಧವನ್ನು ಇನ್ನೂ ಹಾಕೇ ಇಲ್ಲ. ಬರೀ ಹಿಸ್ಟಮಿನ್ ಕೊಟ್ಟು ನೋಡುವ ಮೊದಲ ಹಂತ. ಬೆಳಗ್ಗೆ ಒಂಬತ್ತಕ್ಕೆ ಹನಿ ಹಾಕಿದರೆ ಪೆನ್ನು ಅಲ್ಲಾಡುವುದೇ ಇಲ್ಲ. ನೀರು ಬದಲಿಸಿ, ತೊಳೆದು, ಮತ್ತೆ ಹಾಕಿದರೆ ಸಣ್ಣ ದಿಬ್ಬ. ಐದಾರು ಸಲ ತೊಳೆದು ಮಧ್ಯಾಹ್ನವಾಗುವಷ್ಟರಲ್ಲಿ ಪೂರ್ತಿ ಬೆಟ್ಟ. ಅವಳು ಗಾಜು ಬದಲಿಸಿದಳು, ಉಪ್ಪು ಬದಲಿಸಿದಳು, ಹಿಸ್ಟಮಿನ್ನಿನ ಹೊಸ ಸೀಸೆ ಒಡೆದಳು. ದಾರವನ್ನು ಯಾರೂ ಅನುಮಾನಿಸಲಿಲ್ಲ. ಎಲ್ಲ ಸರಿಯಿದ್ದರೂ ಅದೇ ಫಲ ಬಂದಾಗ, ಅವಳ ಕಣ್ಣು ಹೊಳೆಯತೊಡಗಿತು.

"ಅಕ್ಕಾ, ಬೆಳಗ್ಗೆ ಸ್ನಾಯು ನಿದ್ದೇಲಿರುತ್ತೆ! ಮಧ್ಯಾಹ್ನ ಎಚ್ಚರ ಆಗುತ್ತೆ! ದೇಹದಿಂದ ಹೊರಗೆ ಬಂದ್ರೂ ಅದಕ್ಕೆ ಹೊತ್ತು ಗೊತ್ತಾಗ್ತಿದೆ!"

"ನಿನ್ನ ಹಾಗೇನೇ ಹಾಗಾದ್ರೆ" ಎಂದಿದ್ದರು ಗಂಟಕ್ಕ. "ಒಂಬತ್ತಕ್ಕೆ ಮುಂಚೆ ಮಾತಾಡ್ಸಿದ್ರೆ ಕಚ್ತೀಯಾ."

ನಾಲ್ಕು ತಿಂಗಳಲ್ಲಿ ಇನ್ನೂರ ಹದಿನಾರು ಪಟ್ಟಿಗಳು ಹೀಗೆ ಮಲಗಿ ಎದ್ದವು. ವಿಭಾಗದ ಮುಖ್ಯಸ್ಥೆ, ಎಲ್ಲರೂ 'ದೊಡ್ಡ ಮೇಡಂ' ಎನ್ನುವವರು, ಪೆನ್ನಿನ ಗೆರೆಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. ಆಮೇಲೆ, ಇದನ್ನು ದೊಡ್ಡ ಸಭೆಯೊಂದರಲ್ಲಿ ಮಂಡಿಸೋಣ ಎಂದರು. ಸಂಶೋಧಕಿ ಆ ಸಂಜೆ ಗಂಟಕ್ಕನ ಕೈ ಹಿಡಿದು ಮೇಜಿನ ಸುತ್ತ ಎರಡು ಸುತ್ತು ತಿರುಗಿದಳು.

ನಡುವೆ ಒಂದು ವಾರ ಮಾತ್ರ ಲೆಕ್ಕ ತಪ್ಪಿತ್ತು. ಆ ವಾರದ ಹನ್ನೆರಡು ಪಟ್ಟಿಗಳು ಬೆಳಗ್ಗೆಯೇ ಪೂರ್ತಿ ಎಚ್ಚರವಾಗಿದ್ದವು. ಸಂಶೋಧಕಿ ಆ ಕಾಗದಗಳ ಅಂಚಿಗೆ ಕೆಂಪು ಪೆನ್ಸಿಲ್ಲಿನಲ್ಲಿ 'ಕೆಟ್ಟ ದಿನಗಳು' ಎಂದು ಬರೆದು ಬದಿಗಿಟ್ಟಿದ್ದಳು. ಹೊಸದಾಗಿ ಹನ್ನೆರಡು ಪಟ್ಟಿ ಕಟ್ಟಿ ಲೆಕ್ಕ ತುಂಬಿಸಿದ್ದಳು.

ಗಂಟಕ್ಕನಿಗೆ ಆ ವಾರ ಚೆನ್ನಾಗಿ ನೆನಪಿತ್ತು. ಔಷಧದಂಗಡಿಯವನು ಮಗಳ ಮದುವೆಗೆಂದು ಬಾಗಿಲು ಹಾಕಿದ್ದ, ಗುಳಿಗೆ ಮುಗಿದಿತ್ತು. ಆ ವಾರ ಅಮ್ಮ ಬಂದಿರಲಿಲ್ಲ. ಇನ್ನೊಂದು ವಿಷಯವೂ ನೆನಪಿತ್ತು, ಆದರೆ ಅದು ನೆನಪೆಂದು ಅವರಿಗೆ ಹೊಳೆದಿರಲಿಲ್ಲ. ಹೊಳೆದದ್ದು ಸಭೆಗೆ ಹತ್ತು ದಿನವಿದ್ದಾಗ, ಒಂದು ಬೆಳಗ್ಗೆ, ದಾರ ತುಟಿಯಲ್ಲಿರುವಾಗಲೇ. ಗುಳಿಗೆ ಕಡಿದ ನಾಲಗೆ ಕಹಿಯಾಗಿತ್ತು. ತುಟಿಯಿಂದ ಎಳೆದ ದಾರವೂ ಕಹಿಯಾಗಿತ್ತು. ಆ ವಾರ ಮಾತ್ರ ದಾರಕ್ಕೆ ಕಹಿಯಿರಲಿಲ್ಲ.

"ಕೈ ಅಲ್ಲೇ ನಿಂತುಬಿಡ್ತು. ಆ ಕಹಿ ನನ್ನ ನಾಲಗೆಯಿಂದ ದಾರಕ್ಕೆ, ದಾರದಿಂದ ಗಂಟಿಗೆ, ಗಂಟಿಂದ ಪಟ್ಟಿಗೆ ಹೋಗೋದು ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತು. ಗುಳಿಗೆ ಸೀಟು ಹಿಡಿದುಬಿಟ್ಟಿತ್ತು. ಅದನ್ನ ಕಳಿಸಿದೋಳು ನಾನೇ."

ಇಂಥ ಔಷಧಕ್ಕೆ ಕಣ್ಣಿಗೆ ಕಾಣದಷ್ಟು ಅಂಶ ಸಾಕು. ಕೊಳವೆಯಲ್ಲಿರುವ ನೀರು ಎರಡು ದೊಡ್ಡ ಚಮಚದಷ್ಟು. ತೊಳೆದ ಹಾಗೆಲ್ಲ ದಾರದ ಎಳೆಗಳಿಂದ ಕಹಿ ಸ್ವಲ್ಪ ಸ್ವಲ್ಪವೇ ಬಿಟ್ಟುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೀಟು ಖಾಲಿ. ಅದನ್ನೇ ಎಲ್ಲರೂ ಎಚ್ಚರವೆಂದು ಕರೆದಿದ್ದರು.

ಅನುಮಾನ ಅನುಮಾನವೇ. ಮುಂದಿನ ಸಲ ಜಠರ ತಂದ ದಿನ, ಸಂಶೋಧಕಿ ಬರುವುದಕ್ಕೆ ಮುಂಚೆಯೇ, ಗಂಟಕ್ಕ ಎರಡು ಪಟ್ಟಿಗಳನ್ನು ಬೇರೆ ಮಾಡಿದರು. ಒಂದರ ದಾರವನ್ನು ಎಂದಿನಂತೆ ಗುಳಿಗೆ ಕಡಿದ ಬಾಯಿಯಲ್ಲಿ ಎಳೆದರು. ಇನ್ನೊಂದರದನ್ನು ಹೊಸ ರೀಲಿನಿಂದ ತೆಗೆದು ಉಪ್ಪುನೀರಿನಲ್ಲಿ ನೆನೆಸಿದರು. ಗಂಟು ಎರಡೂ ಒಂದೇ. ತಾಸು ಕಾದು, ಎರಡಕ್ಕೂ ಸಮನಾದ ಹಿಸ್ಟಮಿನ್ ಹನಿ ಹಾಕಿದರು. ಉಪ್ಪುನೀರಿನ ದಾರದ ಪಟ್ಟಿ ಮುಷ್ಟಿ ಬಿಗಿದಂತೆ ಬಿಗಿಯಿತು, ಪೆನ್ನು ಕಾಗದದ ಮೇಲಂಚು ಮುಟ್ಟಿತು. ಬಾಯಿಯ ದಾರದ ಪಟ್ಟಿ ಹಾಯಾಗಿ, ಏನೂ ಆಗಿಲ್ಲವೆಂಬಂತೆ, ಕನಸಿನಲ್ಲಿ ತೂಗುತ್ತಿತ್ತು.

ಅವರು ಆ ಕಾಗದವನ್ನು ಹರಿದು, ನಾಲ್ಕು ಮಡಿಕೆ ಮಾಡಿ, ಕೋಟಿನ ಜೇಬಿಗಿಟ್ಟುಕೊಂಡರು. ಐದು ದಿನ ಅದು ಅಲ್ಲೇ ಇತ್ತು.

ಆ ಐದು ದಿನಗಳ ಬಗ್ಗೆ ಅವರು ಮಾತಾಡುವಾಗ ದನಿ ತಗ್ಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುಳಿಗೆಯನ್ನು ಮನೆಯಲ್ಲೇ ನುಂಗಿ, ದಾರವನ್ನು ನೀರಿನಲ್ಲಿ ನೆನೆಸಿದರಾಯಿತು. ಹೇಳಿದರೆ ಹುಡುಗಿಯ ನಾಲ್ಕು ತಿಂಗಳು ನೀರುಪಾಲು. ಅವಳಿಗೆ ಪ್ರಬಂಧ ಮುಗಿಸಲು ಉಳಿದದ್ದೇ ಎಂಟು ತಿಂಗಳು. ಮೇಲಾಗಿ, ಈ ವಿಭಾಗದಲ್ಲಿ ಅವರಿಗಿದ್ದ ಆಸ್ತಿಯೆಂದರೆ ಆ ಗಂಟು. ಅದೇ ಕಳಂಕದ್ದು ಎಂದಾದ ಮೇಲೆ ಗಾಜು ತೊಳೆಯುವ ಮೂಲೆಯೇ ಗತಿ.

ಮನೆಯಲ್ಲಿ ಗಂಡನಿಗೆ ಮೂರನೆಯ ದಿನ ಹೇಳಿದರು. ಅವರು ಶೂ ಬಿಚ್ಚುತ್ತಿದ್ದವರು ಒಂದೇ ಶೂನಲ್ಲಿ ಕೂತುಬಿಟ್ಟರು.

"ಬಸ್ಸಿನ ಬ್ರೇಕ್ ಸರಿಯಿಲ್ಲ ಅಂತ ನನಗೊಬ್ಬನಿಗೇ ಗೊತ್ತಿದ್ರೆ, ಏನು ಮಾಡ್ಬೇಕು?" ಎಂದರು ಕೊನೆಗೆ.

"ನೀವು ಸುಮ್ನೆ ಇರಿ. ಇದು ಬಸ್ಸಲ್ಲ. ಕುರಿ ಹೊಟ್ಟೆ. ಯಾರೂ ಸಾಯಲ್ಲ."

"ಹಾಗಾದ್ರೆ ಯಾಕೆ ಮೂರು ದಿನದಿಂದ ಊಟ ಬಿಟ್ಟಿದ್ಯಾ?"

ಗಂಟಕ್ಕ ಮಾತು ಮರೆಸಲು ಗುಳಿಗೆಯ ಮೇಲೆ ಗೂಬೆ ಕೂರಿಸಿದರು. ಹೊಟ್ಟೆ ನಿಧಾನ, ಹಸಿವಿಲ್ಲ ಎಂದರು. ಗಂಡ ನಗಲಿಲ್ಲ. "ಗುಳಿಗೆಯಿಂದ ನಿಧಾನ ಆಗೋ ಹೊಟ್ಟೆ ಎಂಟು ವರ್ಷದಿಂದ ನೋಡಿದೀನಿ. ಇದು ಅದಲ್ಲ" ಎಂದು ಇನ್ನೊಂದು ಶೂ ಬಿಚ್ಚಿದರು.

ಐದನೆಯ ದಿನ ಸಂಶೋಧಕಿ ಸಭೆಯ ಮಾತನ್ನು ಮೇಜಿನೆದುರು ಅಭ್ಯಾಸ ಮಾಡುತ್ತಿದ್ದಳು. ಕೇಳುವವರು ಇಬ್ಬರೇ, ದೊಡ್ಡ ಮೇಡಂ ಮತ್ತು ಗಾಜು ಒರೆಸುತ್ತಿದ್ದ ಗಂಟಕ್ಕ. 'ಬೆಳಗಿನ ಸ್ನಾಯುವಿನ ನಿದ್ದೆ' ಎಂಬ ಮಾತು ಬಂದಾಗ ಹುಡುಗಿಯ ಮುಖ ದೀಪ ಹಚ್ಚಿದಂತಿತ್ತು. ಇನ್ನು ಒಂದು ನಿಮಿಷ ಬಿಟ್ಟರೂ ಬಾಯಿ ಬರುವುದಿಲ್ಲ ಎಂದು ಗಂಟಕ್ಕನಿಗೆ ಅನ್ನಿಸಿತು. ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು.

"ಪುಟ್ಟಮ್ಮಾ, ನಿಲ್ಲಿಸು. ಆ ನಿದ್ದೆ ಸ್ನಾಯುವಿನದಲ್ಲ. ನನ್ನ ಗುಳಿಗೆಯದು."

ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮಡಿಕೆಗಳಲ್ಲಿ ಕಾಗದ ಹರಿಯುವಂತಾಗಿತ್ತು. ಗುಳಿಗೆ, ಹಲ್ಲು, ತುಟಿ, ದಾರ, ಕೆಂಪು ಪೆನ್ಸಿಲ್ಲಿನ ವಾರ, ಎಲ್ಲವನ್ನೂ ಹೇಳಿದರು. ನಡುವೆ ಎಲ್ಲೂ ಅಳಲಿಲ್ಲ. ದೊಡ್ಡ ಮೇಡಂ ಆ ಎರಡು ಗೆರೆಗಳನ್ನು, ಹಾರಿದ್ದನ್ನೂ ಮಲಗಿದ್ದನ್ನೂ, ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು.

"ಇಪ್ಪತ್ತಾರು ವರ್ಷದಲ್ಲಿ ನಾನು ನಿಮ್ಮ ಗಂಟು ನೋಡಿದೀನಿ" ಎಂದರು. "ಹೇಗೆ ಹಾಕ್ತೀರಿ ಅಂತ ಒಂದು ದಿನವೂ ನೋಡ್ಲಿಲ್ಲ. ತಪ್ಪು ಯಾರದು ಅಂತ ಹೇಳೋಕೆ ನನಗೆ ಬಾಯಿಲ್ಲ."

ಸಂಶೋಧಕಿ ಭಾಷಣದ ಹಾಳೆಗಳನ್ನು ಮಡಚಿದಳು. ಚೀಲ ತೆಗೆದುಕೊಂಡು ಹೊರಟುಹೋದಳು. ಸಭೆಗೆ ಬರುವುದಿಲ್ಲವೆಂದು ಪತ್ರ ಹೋಯಿತು. ಹನ್ನೊಂದು ದಿನ ಅವಳು ಪ್ರಯೋಗಾಲಯಕ್ಕೆ ಬಂದು, ಹಳೆಯ ಕಾಗದಗಳನ್ನು ಬಿಡಿಸಿ ನೋಡಿ, ಮತ್ತೆ ಸುತ್ತಿಟ್ಟು, ಗಂಟಕ್ಕನ ಕಡೆ ಕಣ್ಣೆತ್ತದೆ ಹೋಗುತ್ತಿದ್ದಳು. ಗಂಟಕ್ಕ ನಾಲ್ಕೂ ಕೊಳವೆಗಳನ್ನು ದಿನವೂ ಉಜ್ಜಿದರು. ಉಜ್ಜಲು ಏನೂ ಇರಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ. "ಬೈಗುಳ ಒಂದು ಹೊತ್ತಿಗೆ ಮುಗಿಯುತ್ತೆ. ಆ ಮೌನಕ್ಕೆ ಮುಗಿಯೋದು ಗೊತ್ತಿರ್ಲಿಲ್ಲ."

ಹನ್ನೆರಡನೆಯ ದಿನ, ಹೊರಡುವ ಹೊತ್ತಿಗೆ, ಬಾಗಿಲ ಬಳಿ ಅವಳ ದನಿ ಕೇಳಿತು.

"ಅಕ್ಕಾ, ನಾಳೆ ಹೊಟ್ಟೆ ಎಷ್ಟು ಗಂಟೆಗೆ ತರ್ತೀರಿ?"

"ಆರೂವರೆಗೆ."

"ಆರೂವರೆಗೇ ಬರ್ತೀನಿ. ದಾರ ನಾನು ನೆನೆಸ್ತೀನಿ. ಗಂಟು ನೀವು ಹಾಕಿ." ಚೀಲ ಹೆಗಲಿಗೇರಿಸುತ್ತಾ, "ಒಂಬತ್ತಕ್ಕೆ ಮುಂಚೆ ಮಾತ್ರ ಮಾತಾಡ್ಸಬೇಡಿ" ಎಂದಳು.

ಗಂಟಕ್ಕ ಆವತ್ತು ಬಸ್ಸಿನಲ್ಲಿ ಕಣ್ಣು ಮುಚ್ಚಿ ಅತ್ತರಂತೆ. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ, ನಿದ್ದೆ ಎಂದುಕೊಂಡ.

ಅಂದಿನಿಂದ ಇನ್ನೂರ ಹದಿನಾರನ್ನೂ ಮೊದಲಿಂದ ಕಟ್ಟುತ್ತಿದ್ದಾರೆ. ಬೆಳಗಿನ ಪಟ್ಟಿಗಳು ಈಗ ಮಲಗುವುದಿಲ್ಲ. ಹಿಸ್ಟಮಿನ್ನಿನ ಮೊದಲ ಹನಿಗೇ ಏಳುತ್ತವೆ. ಆಮೇಲೆ ಅಳೆದು ಹಾಕಿದ ಅಲರ್ಜಿಯ ಔಷಧಕ್ಕೆ ತಲೆಬಾಗುತ್ತವೆ, ಹಳೆಯ ಬಗೆಯದಕ್ಕೆ ಹೆಚ್ಚು, ಹೊಸದಕ್ಕೆ ಕಡಿಮೆ. ಹುಡುಗಿ ಪ್ರಬಂಧಕ್ಕೆ ಒಂದು ಹೊಸ ಅಧ್ಯಾಯ ಸೇರಿಸಿದ್ದಾಳೆ. ದಾರಕ್ಕಂಟಿದ ಗುಳಿಗೆಯ ಅಂಶವನ್ನು ತೆಗೆಯಲು ಎಷ್ಟು ಸಲ ತೊಳೆಯಬೇಕು ಎಂಬುದು ಅದರ ವಿಷಯ. ಬೇರೆ ಪ್ರಯೋಗಾಲಯಗಳಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಅದೇ ಎನ್ನುತ್ತಾರೆ ದೊಡ್ಡ ಮೇಡಂ. 'ಕೆಟ್ಟ ದಿನಗಳು' ಎಂದು ಬರೆದಿದ್ದ ಹಾಳೆಯ ಮೇಲೆ ಈಗ ಅದೇ ಕೆಂಪು ಪೆನ್ಸಿಲ್ಲಿನಲ್ಲಿ 'ಕೆಟ್ಟ' ಎಂಬುದು ಹೊಡೆದುಹೋಗಿದೆ. ಬರೀ 'ದಿನಗಳು' ಉಳಿದಿದೆ.

ಗುಳಿಗೆ ಬಿಟ್ಟು ಗಂಟಕ್ಕನ ಹೊಟ್ಟೆ ಹಗುರವಾಗಿದೆ. ಮಧ್ಯಾಹ್ನದ ತುತ್ತು ಮಧ್ಯಾಹ್ನವೇ ಹೊರಡುತ್ತದೆ. ದದ್ದು ಮರಳಲಿಲ್ಲ, ಕೈಗೆ ಈಗ ಹತ್ತಿಯ ಒಳಗವಸು, ಮೇಲೊಂದು ರಬ್ಬರು ಗವಸು. ಅಮ್ಮ ಮಾತ್ರ ಬರುವುದಿಲ್ಲ. ಮೊದಮೊದಲು ಆ ತಾಸು ಖಾಲಿ ಕುರ್ಚಿಯಂತಿತ್ತು. ಈಗ ಅವರೊಂದು ದಾರಿ ಕಂಡುಕೊಂಡಿದ್ದಾರೆ. ಗಂಟು ಹಾಕುವಾಗ ಕೈ ಹಳೆಯ ರೂಢಿಯಂತೆ ದಾರವನ್ನು ತುಟಿಯ ಕಡೆ ಎತ್ತುತ್ತದೆ. ನಾಲ್ಕು ಬೆರಳು ದೂರದಲ್ಲಿ ನಿಂತು, ತಿರುಗಿ, ಉಪ್ಪುನೀರಿನ ಬಟ್ಟಲಿಗೆ ಇಳಿಯುತ್ತದೆ. "ಆ ನಾಲ್ಕು ಬೆರಳಿನ ಜಾಗ ಇದೆಯಲ್ಲ" ಎನ್ನುತ್ತಾರೆ. "ಈಗ ಅಮ್ಮ ಅಲ್ಲಿರ್ತಾರೆ. ಒಂದು ಕ್ಷಣ. ಸಾಕು."

ಇವತ್ತು ಇನ್ನೂರ ಒಂಬತ್ತರಿಂದ ಇನ್ನೂರ ಹನ್ನೆರಡರವರೆಗಿನ ಪಟ್ಟಿಗಳು. ಆರೂವರೆಗೆ ಫ್ಲಾಸ್ಕ್ ಮೇಜಿನ ಮೇಲಿದೆ. ಸಂಶೋಧಕಿ ಕೆದರಿದ ಕೂದಲಿನಲ್ಲೇ ಬಂದು, ದಾರ ನೆನೆಸಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ.

"ಅಕ್ಕಾ, ಬಾಯಿ."

ಐವತ್ತೆರಡು ವರ್ಷದ ಗಂಟಕ್ಕ ಮಗುವಿನಂತೆ ಬಾಯಿ ತೆರೆದು ನಾಲಗೆ ಚಾಚುತ್ತಾರೆ. ಪ್ರತಿದಿನದ ತಪಾಸಣೆ.

"ಕಹಿ?"

"ಇಲ್ಲ ತಾಯೀ. ನಾಲಗೆ ಮಾತ್ರ ಕಹಿ ಅಂತಾರೆ ನಮ್ಮ ಮನೆಯವರು."

ಎಂಟು ಗಂಟುಗಳು ಬೀಳುತ್ತವೆ. ಪಟ್ಟಿಗಳು ಬೆಚ್ಚಗಿನ ನೀರಿಗಿಳಿದು, ಮುದುಡಿ, ಬಿಡಿಸಿಕೊಂಡು, ತಮ್ಮ ಕಾಣದ ಊಟವನ್ನು ಅರೆಯತೊಡಗುತ್ತವೆ. ಸಂಜೆ ಐದಕ್ಕೆ ಅವುಗಳನ್ನು ಬಿಚ್ಚಿ ಎಸೆಯುವುದು ನಿಯಮ. ಎಸೆಯುವಾಗಲೂ ಅವು ಬಡಿಯುತ್ತಲೇ ಇರುತ್ತವೆ. ಇಪ್ಪತ್ತಾರು ವರ್ಷದಲ್ಲಿ ಗಂಟಕ್ಕ ಒಂದು ಪಟ್ಟಿಯೂ ತಾನಾಗಿ ನಿಂತದ್ದನ್ನು ನೋಡಿಲ್ಲ.

"ಒಂದಾಸೆ ಇದೆ" ಎಂದು ಅವರು ಹುಡುಗಿಗೆ ಮೊನ್ನೆ ಹೇಳಿದ್ದರು. "ಒಂದು ಪಟ್ಟಿಗೆ ಯಾವ ಔಷಧಿನೂ ಹಾಕದೆ ಬಿಡ್ಬೇಕು. ಅದನ್ನ ಯಾರೂ ಏನೂ ಕೇಳಬಾರದು. ಅದರ ಪಾಡಿಗೆ ಅದು ಎಷ್ಟು ಹೊತ್ತು ಆಡುತ್ತೋ ಆಡ್ಲಿ."

ಹುಡುಗಿ ಮರೆತಿಲ್ಲ. ಮೊದಲ ಹನಿಗೆ ನಾಲ್ಕೂ ಪೆನ್ನುಗಳು ಒಟ್ಟಿಗೆ ಬೆಟ್ಟ ಹತ್ತುವುದನ್ನು ನೋಡುತ್ತಾ, ತಿರುಗದೆಯೇ ಹೇಳುತ್ತಾಳೆ. "ಶುಕ್ರವಾರ ಕೊನೇ ನಾಲ್ಕು. ನನ್ನ ಲೆಕ್ಕ ಅಲ್ಲಿಗೆ ಮುಗಿಯುತ್ತೆ. ಆಮೇಲೆ ಅದೇ ಹೊಟ್ಟೆಯಿಂದ ಒಂದು ಪಟ್ಟಿ ನಿಮಗೆ ಅಂತ ಕಟ್ಟಿ. ಕೊಳವೆಯ ಬಿಸಿ, ಗುಳ್ಳೆ ಯಾವುದೂ ನಿಲ್ಲಿಸಲ್ಲ. ಮೇಡಂ ಒಪ್ಪಿದಾರೆ. ಆದ್ರೆ ಅಕ್ಕಾ, ಅದು ಎಷ್ಟು ಹೊತ್ತಾದ್ರೂ ಆಗಬಹುದು. ಶನಿವಾರವೂ ಕೂರ್ಬೇಕಾಗುತ್ತೆ."

ಗಂಟಕ್ಕ ದಾರದ ರೀಲನ್ನು ಡಬ್ಬಿಗಿಟ್ಟು ಮುಚ್ಚಳ ಹಾಕುತ್ತಾರೆ. ಗುಳ್ಳೆಗಳು ಏಳುತ್ತಲೇ ಇವೆ. ಕಿಟಕಿಯ ಬಿಸಿಲು ಗಾಜಿನ ಕೊಳವೆಗಳನ್ನು ದಾಟಿ ಅವರ ಗವಸಿನ ಕೈಗಳ ಮೇಲೆ ನೀರಿನಂತೆ ಅಲುಗುತ್ತಿದೆ.

"ಕೂರ್ತೀನಿ" ಎನ್ನುತ್ತಾರೆ. "ಅದು ಯಾವಾಗ ಬೇಕಾದ್ರೂ ನಿಲ್ಲಲಿ ಪುಟ್ಟಮ್ಮ. ಗಂಟು ಮಾತ್ರ ಬಿಚ್ಚಲ್ಲ."